ಬಿಟ್ಟುಹೋದ ನಾಲ್ಕು ಸಾಲು

ಪ್ರೆಸ್ಸಿನಿಂದ ಬಂದ ಮೂರನೆಯ ಕರಡಿನಲ್ಲೂ ಆ ನಾಲ್ಕು ಸಾಲು ಇರಲಿಲ್ಲ.

ತಿರುಮಲೇಶಾಚಾರ್ಯರು ಕನ್ನಡಕ ಒರೆಸಿಕೊಂಡು ಪುಟದ ಮೇಲಿಂದ ಕೆಳಕ್ಕೆ ಮತ್ತೊಮ್ಮೆ ಬೆರಳಾಡಿಸಿದರು. ಸಂಸ್ಕೃತದ ಸೂತ್ರ ಇತ್ತು. ಅದರ ಕನ್ನಡ ಅರ್ಥ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ತಾವು ಬರೆದ ಟಿಪ್ಪಣಿಯೂ ಇತ್ತು. ಅದರ ಕೊನೆಯ ನಾಲ್ಕು ಸಾಲು ಮಾತ್ರ ಇಲ್ಲ. ಮೊದಲ ಸಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳಿಸಿದ್ದರು. ಎರಡನೆಯ ಸಲ ಅಂಚಿನಲ್ಲಿ ಆ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಪೂರ್ತಿ ಬರೆದೇ ಕಳಿಸಿದ್ದರು.

“ಒಂದು ಸಲ ಬಿಟ್ಟರೆ ಮರೆವು ಅನ್ನಬಹುದು, ಪಂಕಜಾ. ಮೂರು ಸಲ ಬಿಟ್ಟರೆ ಏನನ್ನಬೇಕು?” ಎಂದರು ಹೆಂಡತಿಗೆ.

ಪಂಕಜಮ್ಮ ತೊಗರಿಬೇಳೆ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. “ಹೋಗಿ ಕೇಳಿಬಿಟ್ಟು ಬನ್ನಿ. ಕಾಗದದ ಮೇಲೆ ಎಷ್ಟೂಂತ ಜಗಳ ಆಡ್ತೀರಿ.”

ಮೈಸೂರಿನ ಕಡೆಯಿಂದ ಮುಂಬಯಿಗೆ ಬಂದು ಮಾಟುಂಗದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಂಸ್ಕೃತ ಹೇಳಿಕೊಟ್ಟವರು ಆಚಾರ್ಯರು. ಹಿಂದಿನ ವರ್ಷ ನಿವೃತ್ತರಾಗಿದ್ದರು. ಶನಿವಾರ ಸಂಜೆ ಅಲ್ಲಿನ ಸಭೆಯೊಂದರಲ್ಲಿ ಪ್ರವಚನ ಮಾಡುತ್ತಿದ್ದರು. ಅವರು ಕನ್ನಡಕ್ಕೆ ತಂದಿದ್ದ ಹಳೆಯ ಧರ್ಮಸೂತ್ರವೊಂದನ್ನು ಅಚ್ಚು ಹಾಕಿಸಲು ಆ ಸಭೆಯವರೇ ಮುಂದೆ ಬಂದಿದ್ದರು. ಅಸ್ಪೃಶ್ಯತೆಯನ್ನು ಅಪರಾಧವೆಂದು ದಿಲ್ಲಿಯಲ್ಲಿ ಕಾನೂನು ಮಾಡಿದ ವರ್ಷ ಅದು, ಐವತ್ತೈದು. ಇಂಥ ಕಾಲದಲ್ಲಿ ಇಂಥ ಗ್ರಂಥ ಬೇಕೇ ಎಂದು ಕೆಲವರು ಕೇಳಿದ್ದೂ ಉಂಟು. ಇಂಥ ಕಾಲದಲ್ಲೇ ಬೇಕು, ಆದರೆ ಬಿಡಿಸಿ ಹೇಳಬೇಕು ಎಂಬುದು ಆಚಾರ್ಯರ ಉತ್ತರ.

ಬಿಡಿಸಿ ಹೇಳಬೇಕಾದ ಜಾಗ ಪುಸ್ತಕದಲ್ಲಿ ಬಹಳ ಇದ್ದವು. ಆದರೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಒಂದು ಸೂತ್ರ. ವೇದ ಹೇಳುವುದು ಕಿವಿಗೆ ಬೀಳುವಂತೆ ಬೇಕೆಂದೇ ನಿಂತ ಶೂದ್ರನ ಕಿವಿಗೆ ಕಾಯಿಸಿದ ಸೀಸ ಹೊಯ್ಯಬೇಕು ಎನ್ನುವ ಸೂತ್ರ. ನಿವೃತ್ತರಾಗುವ ವರ್ಷ ಸೇವಂತಿ ಎಂಬ ಹುಡುಗಿ ತರಗತಿಯಲ್ಲಿ ಎದ್ದು ನಿಂತು, ಮರಾಠಿ ಪತ್ರಿಕೆಯ ತುಂಡೊಂದನ್ನು ಹಿಡಿದು, “ಸರ್, ಇದು ಖರೇನಾ?” ಎಂದು ಕೇಳಿದ್ದಳು. ಅದರಲ್ಲಿ ಈ ಸೂತ್ರವನ್ನು ಅಚ್ಚು ಹಾಕಿದ್ದರು. ಆಚಾರ್ಯರು ಓದಿ, “ನಾಳೆ ಹೇಳುತ್ತೇನೆ, ಕೂತುಕೋ” ಎಂದಿದ್ದರು. ಮರುದಿನ ಹೇಳಲಿಲ್ಲ. ಹುಡುಗಿಯೂ ಮತ್ತೆ ಕೇಳಲಿಲ್ಲ. ಅಷ್ಟು ಚುರುಕಾಗಿದ್ದವಳು ವರ್ಷದ ಕೊನೆಯವರೆಗೆ ಹಿಂದಿನ ಬೆಂಚಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಆ ಹುಡುಗಿಗೆ ಹೇಳದೆ ಉಳಿದ ಉತ್ತರವೇ ಈ ಟಿಪ್ಪಣಿ. ಆರು ತಿಂಗಳು ಯೋಚಿಸಿ ಬರೆದದ್ದು. ಕೊನೆಯ ನಾಲ್ಕು ಸಾಲು ಅದರ ಜೀವಾಳ: ಇಂಥ ದಂಡನೆ ಈ ದೇಶದಲ್ಲಿ ಎಂದೂ ಆಚರಣೆಯಲ್ಲಿ ಇದ್ದದ್ದಲ್ಲ, ನಡೆದದ್ದಕ್ಕೆ ಒಂದು ನಿದರ್ಶನವೂ ಸಿಕ್ಕದು, ಭಯ ಹುಟ್ಟಿಸಲು ಆಡಿದ ಮಾತು ಅಷ್ಟೆ, ಆದುದರಿಂದ ಇಂದಿನವರು ಇದಕ್ಕಾಗಿ ನೊಂದುಕೊಳ್ಳಬೇಕಾಗಿಲ್ಲ. ಇಷ್ಟು ಬರೆದು ಮುಗಿಸಿದ ದಿನ ಆಚಾರ್ಯರಿಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಗಿತ್ತು. ಅಪ್ಪನ ತೊಡೆಯ ಮೇಲೆ ಕೂತು ಕಲಿತ ವಿದ್ಯೆ ಅದು. ಅದನ್ನು ಪ್ರೀತಿಸುವುದಕ್ಕೆ ಇನ್ನು ನಾಚಿಕೊಳ್ಳಬೇಕಾಗಿಲ್ಲ ಎಂದುಕೊಂಡಿದ್ದರು.

ಕಿಂಗ್ಸ್ ಸರ್ಕಲ್‌ನಲ್ಲಿ ಟ್ರಾಮ್ ಹತ್ತಿ ಪರೇಲಿಗೆ ಹೋದರು. ಕನ್ನಡ ಅಚ್ಚುಮೊಳೆ ಇದ್ದ ಸಣ್ಣ ಪ್ರೆಸ್ಸು, ಬೈಲಹೊಂಗಲದ ಕಡೆಯ ಈರಣ್ಣನದು. ಕೆಂಪು ಗುರುತಿನ ಮೂರೂ ಕರಡುಗಳನ್ನು ಮೇಜಿನ ಮೇಲೆ ಹರಡಿದಾಗ ಈರಣ್ಣನ ಮುಖ ಸಣ್ಣದಾಯಿತು. ಒಳಗಿನ ಕೋಣೆಯ ಕಡೆ ತಿರುಗಿ, “ಪರಪ್ಪಾ, ಇಲ್ಲಿ ಬಾ” ಎಂದು ಕರೆದ.

ಬಂದವನಿಗೆ ಐವತ್ತರ ವಯಸ್ಸು. ಒಣಕಲು ಮೈ, ದಾರ ಕಟ್ಟಿದ ದಪ್ಪ ಕನ್ನಡಕ, ತೊಳೆದರೂ ಹೋಗದ ಕಪ್ಪು ಬೆರಳ ತುದಿ. ಮೊಳೆ ಜೋಡಿಸುವುದೇ ಕೆಲಸವಾದ ಇವನನ್ನು ಆಚಾರ್ಯರು ಹಿಂದೆ ನೋಡಿದ್ದರೂ ಮಾತಾಡಿಸಿದ್ದಿಲ್ಲ.

“ಗುರುತು ಹಾಕಿದ್ದು ಕಾಣಲಿಲ್ಲವೇನಯ್ಯ?”

“ಕಂಡಿತ್ರಿ.”

“ಮತ್ತೆ ಯಾಕೆ ಬಿಟ್ಟೆ?”

ಪರಪ್ಪ ಕಾಲ ಬೆರಳು ನೋಡಿಕೊಂಡು ನಿಂತ. “ಜೋಡಸಾಕ ಕೈ ನಡೀಲಿಲ್ರಿ” ಎಂದ.

ಆಚಾರ್ಯರಿಗೆ ಅದು ಉಡಾಫೆಯ ಮಾತಾಗಿ ಕೇಳಿಸಿತು. ಇಷ್ಟು ದಿನದ ಸಿಟ್ಟು ಒಟ್ಟಿಗೆ ಬಂತು. “ಈರಣ್ಣನವರೆ, ಕೈ ನಡೆಯದವರ ಹತ್ತಿರ ನನ್ನ ಪುಸ್ತಕ ಬೇಡ. ಬೇರೆಯವರಿಗೆ ಕೊಡಿ” ಎಂದು ಕೊಡೆ ಎತ್ತಿಕೊಂಡು ಇಳಿದುಬಂದರು.

ಹತ್ತು ದಿನದ ಮೇಲೆ ಹೊಸ ಕರಡು ಬಂತು. ನಾಲ್ಕು ಸಾಲು ಅಲ್ಲಿದ್ದವು. ಆದರೆ ಉಳಿದದ್ದೆಲ್ಲ ಹಾಳಾಗಿತ್ತು. ಒತ್ತಕ್ಷರಗಳು ಎಲ್ಲೆಲ್ಲೋ ಕೂತಿದ್ದವು, ಸಂಸ್ಕೃತವಂತೂ ಗುರುತು ಸಿಗದ ಹಾಗಿತ್ತು. ಆಚಾರ್ಯರು ಮತ್ತೆ ಟ್ರಾಮ್ ಹತ್ತಿದರು.

“ಹೊಸಾ ಕೈ ಅದಾವ್ರಿ, ಸ್ವಲ್ಪ ತಡೀಬೇಕು” ಎಂದ ಈರಣ್ಣ.

“ಹಳೆಯವನು?”

“ಬಿಡಿಸಿದ್ನೆಲ್ರಿ. ನೀವ ಹೇಳಿದ್ರಿ, ಸಭಾದವ್ರೂ ಚೀಟಿ ಕಳಿಸಿದ್ರು. ಹದಿನೆಂಟು ವರ್ಷ ಇದ್ದ ನನ್ನ ಹತ್ರ. ಹೋಗು ಅಂದೆ, ಏನೂ ಅನ್ನಲಿಲ್ಲ. ಕೈ ತೊಳಕೊಂಡು ಹ್ವಾದ.”

ಆಚಾರ್ಯರು ಕೈಯಲ್ಲಿದ್ದ ಕರಡನ್ನು ಮೇಜಿನ ಮೇಲಿಟ್ಟರು. ಪುಸ್ತಕ ಬೇರೆಯವರ ಕೈಗೆ ಹೋಗಲಿ ಎಂದಿದ್ದರು, ಅನ್ನ ಹೋಗಲಿ ಎಂದಿರಲಿಲ್ಲ. ಆದರೆ ಹಾಗೆಂದು ಈಗ ಯಾರ ಮುಂದೆ ಹೇಳುವುದು?

ಈರಣ್ಣ ಹಸ್ತಪ್ರತಿಯ ಹಾಳೆ ತೆಗೆದು ಮುಂದಿಟ್ಟ. “ಇನ್ನೊಂದು ನೋಡ್ರಿ. ಈ ಸೂತ್ರದಾಗ ನೀವು ಒಂದು ದೀರ್ಘ ಬಿಟ್ಟಿದ್ರಿ. ಪರಪ್ಪ ಬಂದು ನನಗ ತೋರಿಸಿ, ಸರಿ ಮಾಡಿ ಹಾಕಿದ. ಊರ ಹೊರಗಿನ ಕೇರ್ಯಾಗ ಹುಟ್ಟಿದ್ರೂ ಅಂಥಾ ಮನಿಷ್ಯಾ ಅಂವ. ಆ ನಾಲ್ಕು ಸಾಲಿಗೆ ಏನಾಯ್ತೋ ನನಗೂ ತಿಳೀಲಿಲ್ಲ.”

ಆಚಾರ್ಯರು ನೋಡಿದರು. ಹೌದು, ಕೈಬರಹದಲ್ಲಿ ದೀರ್ಘ ಬಿಟ್ಟುಹೋಗಿತ್ತು. ಹಳೆಯ ಕರಡಿನಲ್ಲಿ ಸರಿಯಾಗಿತ್ತು. ಸೀಸ ಹೊಯ್ಯಬೇಕೆನ್ನುವ ಸೂತ್ರವನ್ನು ಅಷ್ಟು ಜೋಪಾನವಾಗಿ ಜೋಡಿಸಿದವನು, ಹಾಗೆಲ್ಲ ನಡೆದಿಲ್ಲ ಎಂದು ಸಮಾಧಾನ ಹೇಳುವ ಮಾತನ್ನು ಯಾಕೆ ಬಿಟ್ಟ? ದಾರಿಯುದ್ದಕ್ಕೂ ಅದೇ ಯೋಚನೆಯಾಯಿತು. ಬರುವಾಗ ಪರಪ್ಪನ ಮನೆ ಎಲ್ಲಿ ಎಂದು ಕೇಳಿ ಬರೆದುಕೊಂಡು ಬಂದಿದ್ದರು.

ಭಾನುವಾರ ಬೆಳಿಗ್ಗೆ ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋದರು. ರಾತ್ರಿಯಿಡೀ ಸುರಿದ ಮಳೆಗೆ ದಾರಿಯೆಲ್ಲ ಕೆಸರು. ದೂರದಲ್ಲಿ ಹೊಸ ರಿಫೈನರಿಯ ಬೆಳ್ಳನೆಯ ಟ್ಯಾಂಕಿಗಳು ಕಾಣುತ್ತಿದ್ದವು. ಅಲ್ಲಿ ಕೆಲಸಕ್ಕೆ ಬಂದವರು ಕಟ್ಟಿಕೊಂಡ ತಗಡಿನ ಮನೆಗಳ ಸಾಲಿನಲ್ಲಿ ಮೂರು ಕಡೆ ವಿಚಾರಿಸಿದ ಮೇಲೆ ಪರಪ್ಪನ ಬಾಗಿಲು ಸಿಕ್ಕಿತು. ಅವನ ಹೆಂಡತಿ ಚನ್ನವ್ವ ಹೊಸ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಪಂಚೆ ಉಟ್ಟು ನಾಮ ಹಾಕಿದ ಮುದುಕರನ್ನು ಕಂಡು ಗಡಬಡಿಸಿ ಎದ್ದಳು. ಪರಪ್ಪ ಒಳಗಿನಿಂದ ಬಂದು, ಏನೂ ಕೇಳದೆ, ಹೊರಸಿನ ಮೇಲಿದ್ದ ಕೌದಿ ಸರಿಸಿ, “ಕೂಡ್ರಿ” ಎಂದ. ತಾನು ನೆಲದ ಮೇಲೆ ಕೂತ.

“ನಿಮ್ಮ ಕೆಲಸ ಹೋಗಲಿ ಅಂತ ನಾನು ಹೇಳಲಿಲ್ಲ, ಪರಪ್ಪನವರೆ” ಎಂದರು ಆಚಾರ್ಯರು.

“ಇರ್ಲಿ ಬಿಡ್ರಿ.”

“ಈರಣ್ಣನವರಿಗೆ ಹೇಳುತ್ತೇನೆ. ಮತ್ತೆ ಕರೆಸುತ್ತಾರೆ. ಆದರೆ ಒಂದು ವಿಷಯ ನನಗೆ ತಿಳಿಯಬೇಕು. ಆ ಸೂತ್ರವನ್ನು ಜೋಡಿಸಿದಿರಿ, ನನ್ನ ತಪ್ಪನ್ನೂ ತಿದ್ದಿದಿರಿ. ಟಿಪ್ಪಣಿಯನ್ನು ಬಿಟ್ಟಿರಿ. ಅದು ನಿಮ್ಮಂಥವರಿಗೆ ನೋವಾಗಬಾರದು ಅಂತಲೇ ಬರೆದದ್ದು.”

ಪರಪ್ಪ ನಿಧಾನವಾಗಿ ಹೇಳಿದ. “ಸೂತ್ರ ಇದ್ದದ್ದು ಇದ್ದಂಗ ಐತ್ರಿ. ಬರದಾಂವನ ಮನಸಿನಾಗ ಏನಿತ್ತೋ ಅದನ್ನ ಬರದಾನ. ಮುಚ್ಚಿಟ್ಟಿಲ್ಲ. ಅದನ್ನ ಜೋಡಸೂದು ನನ್ನ ಕೆಲಸ, ಜೋಡಿಸಿದೆ. ನೀವು ಬರದದ್ದು ಹಂಗಲ್ರಿ. ಎಂದೂ ನಡದಿಲ್ಲ ಅಂತ ಬರದೀರಿ. ಒಂದೂ ಇಲ್ಲ ಅಂತ ಬರದೀರಿ. ನಮ್ಮಣ್ಣ ಇದ್ದನ್ರಿ.”

ಚನ್ನವ್ವ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು.

“ಕಾಶಪ್ಪ ಅಂತ ಅವನ ಹೆಸರು. ಬಿಜಾಪುರದ ಕಡೆ ನಮ್ಮೂರು. ನಮಗ ಊರ ಹೊರಗ ಮನಿ. ನಾ ಆಗ ಏಳು ವರ್ಷದಾಂವ, ಅಂವ ಹನ್ನೊಂದು. ಇಬ್ರೂ ಗೌಡ್ರ ಎಮ್ಮಿ ಕಾಯ್ತಿದ್ವಿ. ಗುಡಿ ಹಿಂದ ಒಂದು ಹಾಳು ಗ್ವಾಡಿ ಇತ್ತು. ಗುಡಿಯಾಗ ಮುಂಜಾನೆ ಹುಡುಗ್ರಿಗೆ ಪಾಠ ಹೇಳಿಕೊಡ್ತಿದ್ರು. ಎಮ್ಮಿ ಆ ಕಡೆ ಬಿಟ್ಟು ಅಂವ ಗ್ವಾಡಿಗೆ ಆನಿಕೊಂಡು ಕುಂದರಾಂವ. ಒಮ್ಮೆ ಕೇಳಿದ್ರ ಸಾಕ್ರಿ, ಹಂಗ ಹೇಳಾಂವ. ಅರ್ಥ ಗೊತ್ತಿದ್ದಿಲ್ಲ, ಏನಿಲ್ಲ. ದನಿ ಛಲೋ ಇತ್ತು. ಒಂದಿನ ಹಳ್ಳದಾಗ ಎಮ್ಮಿ ಮೈ ತಿಕ್ಕೋತ ಅದನ್ನ ಹೇಳಾಕತ್ತಿದ್ದ. ಯಾರೋ ಇಬ್ರು ಕೇಳಿದ್ರು.”

ಆಚಾರ್ಯರ ಕೈ ಹೊರಸಿನ ಹಗ್ಗವನ್ನು ಹಿಡಿದುಕೊಂಡಿತು.

“ಸೀಸ ಎಲ್ಲಿತ್ರಿ ನಮ್ಮೂರಾಗ. ದೀಪದ ಎಣ್ಣಿ ಇತ್ತು. ಅದನ್ನ ಕಾಸಿದ್ರು. ಹೊಯ್ದವ್ರು ಏನೂ ಓದಿದವ್ರಲ್ಲ. ಆದ್ರ ಓದಿದವ್ರು ಒಬ್ರು ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ರು. ಬ್ಯಾಡ ಅನ್ನಲಿಲ್ಲ.”

“ಆಮೇಲೆ?”

“ಒಂಬತ್ತು ದಿನ ಇದ್ದ. ಜ್ವರ ನೆತ್ತಿಗೇರಿತ್ತು. ಅಂಥಾದ್ರಾಗೂ ಅದನ್ನ ಹೇಳಾಂವ. ತನ್ನ ದನಿ ತನಗ ಕೇಳ್ತಿದ್ದಿಲ್ಲ ನೋಡ್ರಿ, ಅದಕ್ಕ ಒದರಿ ಹೇಳಾಂವ. ಮತ್ತ ಯಾರರ ಕೇಳ್ಯಾರಂತ ನಮ್ಮವ್ವ ಅವನ ಬಾಯಿ ಮ್ಯಾಲ ಕೈ ಇಟಗೊಂಡು ಕುಂದ್ರಾಕಿ. ಹಗಲೂ ರಾತ್ರಿ. ಸತ್ತ ಮ್ಯಾಲೂ ಆಕಿ ಕೈ ತಗೀಲಿಲ್ಲ, ನಮ್ಮಪ್ಪ ತಗಸಿದ.”

ತಗಡಿನ ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಚಾರ್ಯರು ಚನ್ನವ್ವನ ಕಡೆ ತಿರುಗಿ, “ಸ್ವಲ್ಪ ನೀರು ಕೊಡಿ ತಾಯಿ” ಎಂದರು.

ಚನ್ನವ್ವ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಲಿಲ್ಲ, ಬೇಡವೆನ್ನಲೂ ಇಲ್ಲ. ಅವಳು ಎದ್ದು, ಉಜ್ಜಿಟ್ಟಿದ್ದ ತಂಬಿಗೆಯನ್ನೇ ಇನ್ನೊಮ್ಮೆ ಉಜ್ಜಿ ತೊಳೆದು, ನೀರು ತುಂಬಿ ತಂದಿಟ್ಟಳು. ಆಚಾರ್ಯರು ಕುಡಿದರು.

“ಒಂದು ಕೇಳ್ತೀನ್ರಿ” ಎಂದ ಪರಪ್ಪ. “ಇಷ್ಟು ವರ್ಷ ಸಂಸ್ಕೃತ ಜೋಡಿಸೀನಿ, ಎಲ್ಲೂ ಸಿಗಲಿಲ್ಲ. ಅಂವ ಹೇಳತಿದ್ದದ್ದು ನನಗ ಸ್ವಲ್ಪ ನೆಪ್ಪೈತಿ. ಮಾತು ಸರಿ ಇರಲಿಕ್ಕಿಲ್ಲ. ಅದು ಏನಂತ ಹೇಳತೀರೇನ್ರಿ?”

ಅವನು ಕಣ್ಣು ಮುಚ್ಚಿ ಹೇಳಿದ. ಅಕ್ಷರಗಳು ಸವೆದುಹೋಗಿದ್ದವು, ಅರ್ಧಕ್ಕರ್ಧ ಬರಿಯ ಗುನುಗು. ಆದರೆ ಸ್ವರದ ಏರಿಳಿತ ಎಲ್ಲೂ ತಪ್ಪಿರಲಿಲ್ಲ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಆಚಾರ್ಯರಿಗೆ ಗುರುತು ಹತ್ತಿತು. ತಾವು ದಿನವೂ ಮೀಯುವಾಗ ಹೇಳುವ ಮಂತ್ರವೇ ಅದು. ಎಂಟು ವರ್ಷದ ಮಕ್ಕಳಿಗೂ ಬರುವಂಥದ್ದು.

“ಅದು ನೀರನ್ನು ಕುರಿತದ್ದು” ಎಂದರು. “ನೀರನ್ನು ತಾಯಿ ಅನ್ನುತ್ತೆ. ಹೆತ್ತವರು ಮಗುವನ್ನು ನೋಡಿಕೊಳ್ಳೋ ಹಾಗೆ ನಮ್ಮನ್ನು ನೋಡಿಕೋ ಅಂತ ಕೇಳುತ್ತೆ.”

“ಪೂರಾ ಹೇಳ್ರಿ.”

ಆಚಾರ್ಯರು ಹೇಳಿದರು. ಸಣ್ಣ ಮಂತ್ರ. ಪರಪ್ಪ ಮುಂದಕ್ಕೆ ಬಾಗಿ ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಹಿಡಿದುಕೊಳ್ಳುತ್ತಿದ್ದ. ಮುಗಿದ ಮೇಲೆ ಇನ್ನೇನೋ ಬರಬೇಕೆಂಬಂತೆ ಕಾದ.

“ಇಷ್ಟೇನ್ರಿ?” ಎಂದ.

“ಇಷ್ಟೇ.”

ಪರಪ್ಪ ಗೋಡೆಯ ಕಡೆ ತಿರುಗಿ ಕೂತ. ಅವನ ಬೆನ್ನು ಅಲುಗುತ್ತಿತ್ತು. ಚನ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ನಮಗ ಭಾಂವಿ ಮುಟ್ಟಗೊಡ್ತಿದ್ದಿಲ್ರಿ ಅಲ್ಲಿ” ಎಂದಳು.

ಮನೆಗೆ ಬಂದ ಆಚಾರ್ಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೀಯುವಾಗ ಅಭ್ಯಾಸಬಲದಿಂದ ಮಂತ್ರ ನಾಲಿಗೆಗೆ ಬರುತ್ತಿತ್ತು, ನಡುವೆ ನಿಂತುಹೋಗುತ್ತಿತ್ತು. ಮೂರನೆಯ ದಿನ ಪಂಕಜಮ್ಮನಿಗೆ ಎಲ್ಲ ಹೇಳಿದರು. ಆಕೆ ಕೇಳಿ, “ಆ ಕಟ್ಟೆ ಮೇಲೆ ಕೂತಿದ್ದವರು ಮನೆಗೆ ಹೋಗಿ ಊಟ ಮಾಡಿರ್ತಾರಲ್ಲ” ಎಂದರು. ಮತ್ತೆ, “ಅವರೂ ಆಮೇಲೆ ಯಾರಿಗಾದರೂ, ಇದೆಲ್ಲ ನಡೀತಿರಲಿಲ್ಲ ಅಂತ ಹೇಳಿರಬಹುದು” ಎಂದರು.

ಆಚಾರ್ಯರು ಟಿಪ್ಪಣಿಯನ್ನು ಹೊಡೆದುಹಾಕಿ ಹೊಸದು ಬರೆದರು. ಕಾಶಪ್ಪನ ಹೆಸರು, ವಯಸ್ಸು, ನಡೆದದ್ದು, ಎಲ್ಲ. ಅದನ್ನು ತೆಗೆದುಕೊಂಡು ಮತ್ತೆ ಚೆಂಬೂರಿಗೆ ಹೋಗಿ ಪರಪ್ಪನ ಕೈಗೆ ಕೊಟ್ಟರು. ಅವನು ಎರಡು ಸಲ ಓದಿ ಹಾಳೆಯನ್ನು ಹಿಂದಕ್ಕೆ ಚಾಚಿದ.

“ಅವನ ಹೆಸರು ಹಾಕಬ್ಯಾಡ್ರಿ.”

“ಯಾಕೆ? ಜನಕ್ಕೆ ತಿಳಿಯಲಿ.”

“ಜನಕ್ಕ ತಿಳೀಬೇಕಂದ್ರ ಬ್ಯಾರೆ ಕಡೆ ಬರೀರಿ. ಈ ಪುಸ್ತಕದಾಗ ಬ್ಯಾಡ. ಆ ಸೂತ್ರದ ಕೆಳಗ ಅವನ್ನ ಮತ್ತ ತಂದು ಕುಂದರಸಬ್ಯಾಡ್ರಿ.” ಹಾಳೆಯನ್ನು ಅವರ ಕೈಗಿಟ್ಟು, “ನೀವು ಒಳ್ಳೆಯವ್ರದೀರಿ. ಆದ್ರ ನಿಮ್ಮ ಪುಸ್ತಕಕ್ಕ ಸಮಾಧಾನ ಹೇಳಾಕ ಅಂವ ಸತ್ತಿಲ್ರಿ” ಎಂದ.

ಈರಣ್ಣ ಮತ್ತೆ ಕೆಲಸಕ್ಕೆ ಕರೆಯುತ್ತಿದ್ದಾನೆ ಎಂದಾಗಲೂ ಬೇಡವೆಂದು ತಲೆಯಾಡಿಸಿಬಿಟ್ಟ. ಕುರ್ಲಾದಲ್ಲಿ ಒಂದು ಮರಾಠಿ ಪ್ರೆಸ್ಸಿನವರು ಬಾ ಎಂದಿದ್ದರಂತೆ. “ಅಲ್ಲಿ ಲಗ್ನಪತ್ರ, ಹ್ಯಾಂಡ್‌ಬಿಲ್ಲು. ಅಷ್ಟ ಸಾಕ್ರಿ ನನಗ ಇನ್ನ.”

ಕೊನೆಗೆ ಆಚಾರ್ಯರು ಬರೆದದ್ದು ಮೂರೇ ವಾಕ್ಯ. ಈ ಸೂತ್ರದಂತೆ ನಡೆದದ್ದುಂಟು. ಅದನ್ನು ಬಲ್ಲವರಿಂದ ನಾನು ಕೇಳಿದ್ದೇನೆ. ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ.

ಸಭೆಯ ಅಧ್ಯಕ್ಷರು ಆಚಾರ್ಯರನ್ನು ಮನೆಗೆ ಕರೆಸಿ ಕಾಫಿ ಕೊಟ್ಟು ಮಾತಾಡಿದರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಕೆಟ್ಟವರಲ್ಲ. “ಮೊದಲಿನ ಟಿಪ್ಪಣಿ ಎಷ್ಟು ಚೆನ್ನಾಗಿತ್ತು, ಆಚಾರ್ಯರೆ. ಓದಿದವರಿಗೆ ಒಂದು ನೆಮ್ಮದಿ ಇತ್ತು. ಈಗ ನೀವೇ ಸಮರ್ಥನೆ ಇಲ್ಲ ಅಂದ್ರೆ, ನಮ್ಮ ಮಕ್ಕಳಿಗೆ ನಾವು ಏನು ಹೇಳೋಣ?”

“ಅದನ್ನೇ ಹೇಳಬೇಕು ಅಂತ ನನಗೆ ಅನ್ನಿಸುತ್ತೆ.”

“ಎಲ್ಲೋ ಒಂದು ಹಳ್ಳಿಯಲ್ಲಿ ಯಾರೋ ದುಷ್ಟರು ಮಾಡಿದ್ದಕ್ಕೆ ಗ್ರಂಥ ಏನು ಮಾಡೀತು?”

ತಿಂಗಳ ಹಿಂದೆ ಆಚಾರ್ಯರೂ ಇದನ್ನೇ ಕೇಳುತ್ತಿದ್ದರು. “ಆ ದುಷ್ಟರನ್ನು ತಡೆಯುವ ಮಾತು ಅದರಲ್ಲಿ ಇರಲಿಲ್ಲ. ಮಾಡು ಅನ್ನುವ ಮಾತು ಇತ್ತು” ಎಂದಷ್ಟೇ ಹೇಳಿ ಎದ್ದುಬಂದರು.

ಪುಸ್ತಕ ನಿಂತಿತು. ಕಟ್ಟಿದ ಪುಟಗಳನ್ನು ಎಷ್ಟು ದಿನ ಹಾಗೇ ಇಡುವುದು ಎಂದು ಈರಣ್ಣ ದೀಪಾವಳಿಯ ಹೊತ್ತಿಗೆ ಮೊಳೆಗಳನ್ನು ಬಿಚ್ಚಿ ಪಂಚಾಂಗದ ಕೆಲಸಕ್ಕೆ ಹಚ್ಚಿಕೊಂಡ. ಶನಿವಾರದ ಪ್ರವಚನವನ್ನು ಆಚಾರ್ಯರು ತಕ್ಷಣ ಬಿಡಲಿಲ್ಲ. ಆದರೆ ಮೊದಲಿನಂತೆ ಕಷ್ಟದ ಜಾಗಗಳನ್ನು ನಯವಾಗಿ ದಾಟಿಸುವುದು ಅವರಿಂದ ಆಗಲಿಲ್ಲ. ಒಂದೊಂದು ಕಡೆ ನಿಂತು, “ಇದು ತಪ್ಪು. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು” ಎಂದುಬಿಡುತ್ತಿದ್ದರು. ನೆಮ್ಮದಿಗೆಂದು ಬರುತ್ತಿದ್ದ ಜನ ಮೆಲ್ಲಗೆ ಕಡಿಮೆಯಾದರು. ಸಂಕ್ರಾಂತಿ ಕಳೆದ ಮೇಲೆ ಐದಾರು ಜನ ಉಳಿದರು. ಯುಗಾದಿಗೆ ಸಭೆಯವರು ಮದರಾಸಿನಿಂದ ಬೇರೆಯವರನ್ನು ಕರೆಸಿದರು.

ಸೇವಂತಿಗೆ ಒಂದು ಕಾಗದ ಬರೆಯಬೇಕೆಂದು ಹೊರಟು ಶಾಲೆಯಲ್ಲಿ ವಿಳಾಸ ಕೇಳಿದರು. ಆ ಕುಟುಂಬ ಅಂಧೇರಿಯ ಕಡೆಗೆ ಹೋಯಿತಂತೆ, ವಿಳಾಸ ಯಾರಲ್ಲೂ ಇರಲಿಲ್ಲ.

ಮುಂದಿನ ಮಳೆಗಾಲ ಶುರುವಾಗುವ ಮೊದಲು, ಒಂದು ಸಂಜೆ ಕುರ್ಲಾ ಸ್ಟೇಷನ್ನಿನಲ್ಲಿ ಪರಪ್ಪ ಕಂಡ. ಕೈಯಲ್ಲಿ ಊಟದ ಡಬ್ಬಿ ಇತ್ತು. ಅವನೇ ಹತ್ತಿರ ಬಂದು ಮಾತಾಡಿಸಿದ. ಕಣ್ಣು ಮಂಜಾಗುತ್ತಿದೆ, ಸಣ್ಣ ಮೊಳೆ ಕಾಣುವುದಿಲ್ಲ ಎಂದ. ಆಚಾರ್ಯರು ಮೊಳಕಾಲು ನೋವಿನ ಸುದ್ದಿ ಹೇಳಿದರು. ಚನ್ನವ್ವ ಹೇಗಿದ್ದಾಳೆ ಎಂದು ಕೇಳಿದರು. ಈ ಸಲ ಮಳೆ ಬೇಗ ಬರಬಹುದು ಎಂದು ಇಬ್ಬರೂ ಅಂದರು.

ಕ್ಷಮೆ ಕೇಳಬೇಕೆಂದು ಆಚಾರ್ಯರಿಗೆ ಎಷ್ಟೋ ತಿಂಗಳಿನಿಂದ ಮನಸ್ಸಿನಲ್ಲಿತ್ತು. ಕೆಲಸ ಕಳೆದದ್ದಕ್ಕೆ ಕೇಳುವುದು ಸುಲಭ. ಉಳಿದದ್ದಕ್ಕೆ ಯಾರ ಪರವಾಗಿ ಕೇಳುವುದು, ಕೇಳಿದರೆ ಕ್ಷಮಿಸಬೇಕಾದವನು ಎಲ್ಲಿದ್ದಾನೆ ಎಂಬಲ್ಲಿ ಮಾತು ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಚೆಂಬೂರು, ಮಾನಖುರ್ದ್ ಕಡೆಯ ಗಾಡಿ ಬಂತು. “ಬರ್ತೀನ್ರಿ ಆಚಾರ್ರ” ಎಂದು ಪರಪ್ಪ ನೂಕುನುಗ್ಗಲಿನಲ್ಲಿ ಹತ್ತಿದ. ಬಾಗಿಲ ಕಂಬಿ ಹಿಡಿದು ನಿಂತವನು ಒಮ್ಮೆ ಕೈಯೆತ್ತಿದ ಹಾಗೆ ಕಂಡಿತು. ಆಚಾರ್ಯರೂ ಕೈಯೆತ್ತಿದರು. ಗಾಡಿ ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಮೆಟ್ಟಿಲ ಕಡೆ ನಡೆದರು.